ದಂಡದ ಹನ್ನೊಂದನೆಯ ಗುಣ

ಮೊದಲು ಪರಿಭಾಷೆ. ಈ ಪ್ರಬಂಧದಲ್ಲಿ ‘ವಿಜಯನಗರ’ ಎಂದರೆ ಮೈಸೂರಿನದು. ಹಂಪೆಯದು 1565ರಲ್ಲಿ ಪಾಳುಬಿತ್ತು. ನಮ್ಮದು ಫಸ್ಟ್ ಸ್ಟೇಜಿನಿಂದ ಫೋರ್ತ್ ಸ್ಟೇಜಿಗೆ ಬೆಳೆದು ಕೂತಿದೆ. ‘ದಂಡ’ ಎಂದರೆ ಕೋಲು. ಟ್ರಾಫಿಕ್ ಪೊಲೀಸರು ಕಟ್ಟಿಸಿಕೊಳ್ಳುವುದೂ ದಂಡವೇ, ರಿಟೈರ್ ಆದವರನ್ನು ಮನೆಯಲ್ಲಿ ಕರೆಯುವುದೂ ದಂಡವೇ; ಅವೆರಡೂ ನಮ್ಮ ವ್ಯಾಪ್ತಿಯ ಹೊರಗೆ. ‘ಶತ್ರು’ ಎಂದರೆ ಯೋಗಾನರಸಿಂಹಸ್ವಾಮಿ ದರ್ಶನಕ್ಕೆ ಬೆಳಗಿನ ಐದೂವರೆಗೆ ಹೊರಟವನನ್ನು ಕ್ರಾಸಿನಲ್ಲಿ ತಡೆಯುವ ನಾಲ್ಕು ನಾಯಿಗಳು.

ಕೋಲಿಗೆ ಹತ್ತು ಗುಣ ಹೇಳುವ ಸಂಸ್ಕೃತ ಸುಭಾಷಿತವೊಂದಿದೆ. ಅದರ ಆರಂಭ ಕೇಳಿದವರು ವಿಶ್ವಾಮಿತ್ರ ಋಷಿಯೆಂದು ಕೈಮುಗಿಯುತ್ತಾರೆ. ಪದ ಬಿಡಿಸಿದರೆ ಸಿಗುವುದು ಹಕ್ಕಿ, ನಾಯಿ, ಹಗೆ. ಮುಂದೆ ಹಾವು, ದನ, ಕೆಸರು, ನೀರು, ಕುರುಡು, ಕತ್ತಲೆ, ಕೊನೆಗೆ ಮುಪ್ಪು. ಲೆಕ್ಕ ಸರಿಯಾಗಿದೆ. ಆದರೆ ನಾಯಿ ಎರಡನೆಯದು, ಮುಪ್ಪು ಹತ್ತನೆಯದು. ಎರಡೂ ಒಂದೇ ಕ್ರಾಸಿನಲ್ಲಿ ಒಟ್ಟಿಗೆ ಬಂದರೆ ಇರುವ ಒಂದು ಕೋಲನ್ನು ಯಾವುದಕ್ಕೆ ಹಂಚುವುದು? ಕವಿ ಇಲ್ಲಿ ಜಾರಿಕೊಂಡಿದ್ದಾನೆ.

ಪಾಶ್ಚಾತ್ಯ ಮತವನ್ನು ನೋಡೋಣ. ಅದೂ ಪೂರ್ತಿ ಪಾಶ್ಚಾತ್ಯವಲ್ಲ. ಅದರ ಆಚಾರ್ಯ ಎಡ್ವರ್ಡ್ ವಿಲಿಯಂ ಬಾರ್ಟನ್-ರೈಟ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1860ರಲ್ಲಿ. ಎಂಜಿನಿಯರಾಗಿ ಜಪಾನಿನಲ್ಲಿದ್ದು, ಜುಜುತ್ಸು ಕಲಿತು ಲಂಡನ್ ಸೇರಿ, ತನ್ನ ಹೆಸರಿನ ತಲೆಗೆ ಜುಜುತ್ಸುವಿನ ಬಾಲ ಹೊಲಿದು ‘ಬಾರ್ಟಿಟ್ಸು’ ಎಂದು ನಾಮಕರಣ ಮಾಡಿದ. ಕೋಲಿನ ಪಾಠಕ್ಕೆ ಪಿಯರ್ ವಿನ್ಯಿ ಎಂಬ ಸ್ವಿಸ್ ಉಸ್ತಾದನಿದ್ದ. 1901ರಲ್ಲಿ ಪಿಯರ್ಸನ್ಸ್ ಮ್ಯಾಗಜೀನಿನಲ್ಲಿ ಬಾರ್ಟನ್-ರೈಟ್ ಪಟ್ಟುಗಳನ್ನು ಚಿತ್ರಸಮೇತ ಬರೆದ. 1903ರಲ್ಲಿ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸನನ್ನು ಬದುಕಿಸಿಕೊಂಡದ್ದು ಇದೇ ವಿದ್ಯೆಯ ಹೆಸರಿನಲ್ಲಿ, ಕಾಗುಣಿತ ಕೆಡಿಸಿ ‘ಬರಿಟ್ಸು’ ಎಂದು. ವಿನ್ಯಿಯ ಕೋಲುವಿದ್ಯೆಯ ಜಾಡಿನಲ್ಲೇ 1923ರಲ್ಲಿ ಪುಸ್ತಕ ಬರೆದವನು ಎಚ್. ಜಿ. ಲ್ಯಾಂಗ್, ಇಂಡಿಯನ್ ಪೊಲೀಸಿನ ಅಧಿಕಾರಿ. ನಮ್ಮ ದೊಣ್ಣೆವರಸೆಯವರು ಇಷ್ಟೆಲ್ಲ ಬರೆಯುತ್ತ ಕೂರಲಿಲ್ಲ. ಅವರಿಗೆ ಹೊಡೆಯುವ ಕೆಲಸವಿತ್ತು.

ವಿನ್ಯಿ ಪದ್ಧತಿಯ ಜೀವಾಳ ಅಂತರ. ಕೋಲು ಹಿಡಿದ ಕೈ ಮೇಲೆ, ಮೈ ಹಿಂದಕ್ಕೆ. ಹೊಡೆತ ಬರಬೇಕಾದದ್ದು ಬರೀ ಮಣಿಕಟ್ಟಿನಿಂದಲ್ಲ, ಸೊಂಟದಿಂದ. ಸಂಶೋಧಕನ ಬಲ ಮೊಣಕಾಲು ಸವೆದಿರುವುದರಿಂದ, ನೋವಿನ ಕಾಲಿಗೆ ಎದುರು ಕೈ ಎಂಬ ವೈದ್ಯನಿಯಮದಂತೆ ಕೋಲು ಎಡಗೈಯಲ್ಲಿತ್ತು. ಎತ್ತಿದೆ. ಮೂರು ಕಾಲಿನ ಪ್ರಾಣಿ ಆ ಕ್ಷಣವೇ ಒಂದೂವರೆ ಕಾಲಿನದಾಯಿತು. ಸೊಂಟದಿಂದ ಹೊರಡಬೇಕಿದ್ದ ಹೊಡೆತ ಸೊಂಟದಲ್ಲೇ ಉಳಿದು ಇಂದಿಗೂ ಅಲ್ಲೇ ಇದೆ. ಭಾಷೆ ಇದನ್ನು ಮೊದಲೇ ಹೇಳಿತ್ತು: ಊರಿದರೆ ಮಾತ್ರ ಊರುಗೋಲು, ಎತ್ತಿದರೆ ದೊಣ್ಣೆ. ನಾನು ಯಾರದೋ ಕಾಂಪೌಂಡು ತಬ್ಬಿ ನಿಂತೆ. ಅಂತರ ಕಾಯ್ದುಕೊಂಡದ್ದು ನಾಯಿಗಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ಅಕ್ಷರಶಃ ಪಾಲನೆಯಾಯಿತು. ಕೋಲಿನವನ ಬಗ್ಗೆ ಗಾದೆ ಏನೂ ಹೇಳುವುದಿಲ್ಲ.

ಕಾನೂನನ್ನೂ ಒಂದು ಮಾತಿನಲ್ಲಿ ಮುಗಿಸುತ್ತೇನೆ. ನಾಯಿಯನ್ನು ಬಡಿದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ. ಕಚ್ಚಿಸಿಕೊಂಡರೆ ಅದೇ ದಿನ, ಆಮೇಲೆ 3, 7, 14, 28ನೇ ದಿನ ಚುಚ್ಚುಮದ್ದು. ಯಾವುದು ದೊಡ್ಡ ಶಿಕ್ಷೆಯೆಂದು ಓದುಗರೇ ತೂಗಿಕೊಳ್ಳಲಿ.

ಇಷ್ಟರಲ್ಲಿ ಮೂಲೆಯ ಹೂವಿನಮ್ಮ ಬುಟ್ಟಿಯ ಪಕ್ಕದಿಂದಲೇ ಖಂಡನೆ ಮಂಡಿಸಿದರು: “ಅವು ಬೊಗಳ್ತಿರೋದು ನಿಮಗಲ್ಲ ಸ್ವಾಮಿ, ಆ ಕೋಲಿಗೆ. ಕೆಳಗಾಕಿ, ಸುಮ್ಮನಾಯ್ತವೆ.”

ಹಾಕಿದೆ. ಸುಮ್ಮನಾದವು. ಈಗ ಕೋಲು ಎತ್ತಿಕೊಳ್ಳಲು ಬಗ್ಗಬೇಕು. ಬಗ್ಗಲು ಕೋಲು ಬೇಕು. ಬಗ್ಗಿದರೆ ಕಲ್ಲಿಗೇ ಬಗ್ಗಿದ್ದಾನೆಂದು ನಾಯಿಗಳು ಮತ್ತೆ ಎದ್ದಾವು. ಕೊನೆಗೆ ಆ ಅಮ್ಮನೇ ಎತ್ತಿಕೊಟ್ಟರು. ಸುಮ್ಮನೆ ಬರಲಾದೀತೇ, ಎರಡು ಮೊಳ ಸೇವಂತಿಗೆ ಕೊಂಡೆ. ಕೋಲಿನಿಂದ ಹೂ ಬಿಕರಿಯಾಗುವ ಈ ಗುಣವನ್ನು ಸುಭಾಷಿತದ ಮುಂದಿನ ಪರಿಷ್ಕರಣದಲ್ಲಿ ಸೇರಿಸಲು ವಿದ್ವಾಂಸರಲ್ಲಿ ಅರಿಕೆ.