ಮುದ್ರಕ ಮೀಮಾಂಸೆ

2020ರ ಮಾರ್ಚಿನಲ್ಲಿ ಕಚೇರಿಗಳೆಲ್ಲ ಊಟದ ಮೇಜಿಗೆ ವಲಸೆ ಬಂದಾಗ ಹುಟ್ಟಿದ ಈ ಶಾಸ್ತ್ರಕ್ಕೆ ಇನ್ನೂ ಭಾಷ್ಯಕಾರರಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಮೆಟ್ಟಿಲ ಮೇಲೆ ಕೂತು ಅಲ್ಪಮತಿಯಾದ ನಾನೇ ಕೈಹಾಕಿದ್ದೇನೆ.

ಮೊದಲು ಪದಾರ್ಥ ನಿರ್ಣಯ. ಪ್ರಿಂಟರು ದ್ವಿವಿಧ: ಜಲರೂಪಿ, ಚೂರ್ಣರೂಪಿ. ಜಲರೂಪಿಯಾದ ಇಂಕ್‌ಜೆಟ್ಟಿಗೆ ಆಗಾಗ ಕೆಲಸ ಕೊಡದಿದ್ದರೆ ಶಾಯಿ ಮೂತಿಯಲ್ಲೇ ಒಣಗಿ ಮುನಿಸಿಕೊಳ್ಳುತ್ತದೆ. ಚೂರ್ಣರೂಪಿಯಾದ ಲೇಸರು ಆರು ತಿಂಗಳು ಉಪವಾಸ ಕೆಡವಿದರೂ ಎದ್ದು ದುಡಿಯುತ್ತದೆ. ಒಂದು ಕಾರ್ಟ್ರಿಜ್ಜಿಗೆ ಇಷ್ಟು ಪುಟ ಎಂಬ ಲೆಕ್ಕ ಇದೆಯಲ್ಲ, ಅದು ಸಾಮಾನ್ಯವಾಗಿ ಹಾಳೆಯ ಶೇ. 5ರಷ್ಟು ಜಾಗಕ್ಕೆ ಮಾತ್ರ ಮಸಿ ಎಂಬ ಊಹೆಯದು. ಊಹಿಸಿದವರು ‘ಜ್ಯೋತ್ಸ್ನೆ’ಯನ್ನು ಕಂಡಂತಿಲ್ಲ. ಇನ್ನು ಕೆಲವು ಯಂತ್ರಗಳಂತೂ ಕಪ್ಪಕ್ಷರ ಕೇಳಿದರೆ ನೀಲಿ ಮುಗಿದಿದೆ ಎಂದು ಮುಷ್ಕರ ಹೂಡುತ್ತವೆ. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು, ಕಲ್ಲು ವೈಫೈ ಪಾಸ್‌ವರ್ಡ್ ಕೇಳಿದ ದಾಖಲೆಯಿಲ್ಲ.

ಎಲ್ಲಿ ಕೊಳ್ಳಬೇಕು? ಇಲ್ಲಿ ಮತಭೇದ.

ಪ್ರತ್ಯಕ್ಷವಾದಿಗಳು ಮುಟ್ಟಿ ನೋಡದೆ ನಂಬರು. ಅವರ ಕ್ಷೇತ್ರ ಎಸ್.ಪಿ. ರೋಡು, ಅರ್ಥಾತ್ ಸಾದರ್ ಪತ್ರಪ್ಪ ರಸ್ತೆ. ಹೆಸರಿನಲ್ಲೇ ‘ಪತ್ರ’ ಇರುವುದನ್ನು ಪಂಡಿತರು ಗಮನಿಸಬೇಕು. ಬನಶಂಕರಿ, ಜೆ.ಪಿ. ನಗರದವರು ಮೆಟ್ರೊ ಹಸಿರು ಮಾರ್ಗದಲ್ಲಿ ನೇರ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯುತ್ತಾರೆ. 2025ರ ಆಗಸ್ಟಿನಿಂದ ಬಿಟಿಎಂನವರು ಹಳದಿಯಲ್ಲಿ ಬಂದು ಆರ್.ವಿ. ರಸ್ತೆಯಲ್ಲಿ ಹಸಿರಿಗೆ ಮತಾಂತರಗೊಳ್ಳುತ್ತಾರೆ. ಹೋಗುವಾಗ ಸುಖ, ಬರುವಾಗ ತೊಡೆಯ ಮೇಲೆ ಮಗುವಿನ ತೂಕದ ಪೆಟ್ಟಿಗೆ.

ಅನುಮಾನವಾದಿಗಳು ಆನ್‌ಲೈನಿನಲ್ಲಿ ನಕ್ಷತ್ರ ನೋಡಿ ಕೊಳ್ಳುವವರು. ನಮ್ಮ ಪಂಚಾಂಗಕ್ಕೆ ಇಪ್ಪತ್ತೇಳು ಬೇಕು, ಇವರಿಗೆ ಐದೇ ಸಾಕು.

ಶಬ್ದವಾದಿಗಳಿಗೆ ಆಪ್ತವಾಕ್ಯವೇ ಪ್ರಮಾಣ. ಆಪ್ತನೆಂದರೆ ಭಾವಮೈದುನ.

ಸಿದ್ಧಾಂತ: ಹಾಳೆ ಸಿಕ್ಕಿಕೊಂಡಾಗ ಸ್ಕೂಟರಿನಲ್ಲಿ ಬರುವವನ ಅಂಗಡಿಯಲ್ಲೇ ಕೊಳ್ಳತಕ್ಕದ್ದು, ಐನೂರು ಹೆಚ್ಚಾದರೂ ಸರಿ. ಆಕ್ಷೇಪ: ಅವನು ಮನೆ ಹುಡುಕುವುದು ಹೇಗೆ? ‘ಎರಡನೇ ಮೇನ್, ನಾಲ್ಕನೇ ಕ್ರಾಸ್’ ಎಂದರೆ ಜೆ.ಪಿ. ನಗರದಲ್ಲಿ ‘ಯಾವ ಫೇಸು ಸಾರ್?’, ಬನಶಂಕರಿಯಲ್ಲಿ ‘ಯಾವ ಸ್ಟೇಜು?’ ಸಮಾಧಾನ: ಎದುರಿಗಿರುವ ದರ್ಶಿನಿಯ ಹೆಸರು ಹೇಳುವುದು.

ಗ್ರಂಥಕರ್ತನ ಸ್ವಾನುಭವವನ್ನೂ ದಾಖಲಿಸಬೇಕು. ನಾನು ಶಬ್ದವಾದಿ, ಕೊಂಡದ್ದು ಜಲರೂಪಿ. ವರ್ಷವಿಡೀ ಆಫೀಸಿಗೆಂದು ಅಚ್ಚಾದ ಹಾಳೆ ಸೊನ್ನೆ, ಅಲ್ಲಿ ಸಹಿಯೂ ಡಿಜಿಟಲ್. ಮಗಳ ಶಾಲೆಯ ಪ್ರಾಜೆಕ್ಟು ಬಿಟ್ಟರೆ ಹೊರಬಂದ ಮಹತ್ಕೃತಿ ಒಂದೇ, ನಮ್ಮ ಗೇಟಿಗೆ ಅಂಟಿಸಿದ ಶಾಸನ: ‘ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು.’ ಮೊದಲ ಮಳೆಗೆ ಶಾಯಿ ಕರಗಿ, ಬಲಭಾಗ ಇಳಿದುಹೋಗಿ, ‘ಇಲ್ಲಿ ಗಾಡಿ ನಿಲ್ಲಿಸಿ’ ಎಂದಷ್ಟೇ ಉಳಿಯಿತು.

ಸದ್ಯ ಮೂರು ಸ್ಕೂಟರು, ಒಂದು ಆಟೊ ನಿಂತಿವೆ.