ಸ್ವಾಪ್ ಯಾಕ ಬೇಕ್ರಿ?

ಏಪ್ರಿಲ್ ಬಂತೆಂದರೆ ಸ್ವೀಡನ್ನಿನಲ್ಲಿ ಬೇಲಿಯ ಎರಡೂ ಕಡೆ ಜ್ಯಾಕ್ ಸದ್ದು. ಮೊಳೆ ಬಡಿದ ಚಳಿಗಾಲದ ಟೈರನ್ನು 16ರಿಂದ, ರಸ್ತೆಯಲ್ಲಿ ಹಿಮವಿಲ್ಲದಿದ್ದರೆ, ಓಡಿಸುವಂತಿಲ್ಲ. ಮತ್ತೆ ಅಕ್ಟೋಬರ್ 1ರವರೆಗೆ ಅದು ಅಂಗಳದ ಶೆಡ್ಡಿನಲ್ಲಿರಬೇಕು. ಪಕ್ಕದ ಮನೆಯ ಹುಬ್ಬಳ್ಳಿ ಹುಡುಗ ಟೈರು ಉರುಳಿಸುತ್ತಾ ಬಂದು ಬೇಲಿಗೆ ಒರಗಿದ. ಸ್ಟಾಕ್‌ಹೋಮಿನ ಕಿಸ್ತಾದಲ್ಲಿ ಸಾಫ್ಟ್‌ವೇರ್ ಕೆಲಸ.

“ಸರ್, ಲ್ಯಾಪ್‌ಟಾಪಿಗೆ 16 ಜಿಬಿ ರ‍್ಯಾಮ್ ಹಾಕ್ಸೀನ್ರಿ. ಇನ್ನ ಸ್ವಾಪ್ ಯಾಕ ಬೇಕಂತ ಬಂದ್ ಮಾಡಿ ಒಗದೆ. ನಿನ್ನೆ ನೋಡಿದ್ರ ಗಪ್ ಕುಂತುಬಿಡ್ತು. ಮೌಸ್ ಸೈತ ಅಳ್ಳಾಡವಲ್ದು!”

“ಬಂದ್ ಮಾಡಿದ್ದಕ್ಕೇ ಇರಬೇಕು ಮಾರಾಯ,” ಅಂದೆ.

ಅವನ ಯಂತ್ರದಲ್ಲಿರುವ ಲಿನಕ್ಸ್ ಮೆಮೊರಿಯನ್ನು ಸಾಮಾನ್ಯವಾಗಿ 4 ಕೆಬಿಯ ಪುಟಗಳಾಗಿ ಹಂಚುತ್ತದೆ. ಕೆಲವು ಪುಟಗಳಿಗೆ ಡಿಸ್ಕಿನಲ್ಲಿ ಮೂಲಪ್ರತಿ ಇರುತ್ತದೆ. ಪ್ರೋಗ್ರಾಮಿನ ಕೋಡು, ಓದಿದ ಫೈಲು ಇತ್ಯಾದಿ. ಜಾಗ ಬೇಕಾದರೆ ಅವನ್ನು ಎಸೆದು, ಆಮೇಲೆ ಮತ್ತೆ ಓದಿಕೊಳ್ಳಬಹುದು. ಪ್ರೋಗ್ರಾಂ ತಾನೇ ಹುಟ್ಟಿಸಿಕೊಂಡ ಲೆಕ್ಕಾಚಾರಕ್ಕೆ ಮೂಲಪ್ರತಿ ಎಲ್ಲಿಂದ ಬರಬೇಕು? ಅದನ್ನು ಡಿಸ್ಕಿಗೆ ಸಾಗಿಸಿಡಲು ಇರುವ ಜಾಗ ಸ್ವಾಪ್ ಒಂದೇ. ಸ್ವಾಪ್ ಮುಚ್ಚಿದರೆ ಸೋಮವಾರ ತೆರೆದು ಮರೆತ ಬ್ರೌಸರ್ ಟ್ಯಾಬು ರ‍್ಯಾಮಿನಲ್ಲೇ ಪಟ್ಟಾಗಿ ಕೂತಿರುತ್ತದೆ, ಈಗ ಓಡುತ್ತಿರುವ ಪ್ರೋಗ್ರಾಮಿನ ಕೋಡೇ ಹೊರಬೀಳುತ್ತದೆ. ಶೆಡ್ಡಿಗೆ ಬೀಗ ಜಡಿದು, ಟೈರನ್ನು ನಡುಮನೆಯಲ್ಲಿಟ್ಟು, ಊಟದ ತಟ್ಟೆಯನ್ನು ಬೀದಿಗಿಟ್ಟ ಹಾಗೆ.

“ಹಂಗಾರ ಸ್ವಾಪ್ ತುಂಬಿದ್ರ ಚಿಂತಿ ಇಲ್ಲೇನ್ರಿ?”

“ತುಂಬಿದ್ದಕ್ಕಲ್ಲ, ಓಡಾಟಕ್ಕೆ ಚಿಂತೆ ಮಾಡು. ವಿಎಂಸ್ಟ್ಯಾಟ್ ಕಮಾಂಡ್ ಹಾಕಿ ಎಸ್‌ಐ, ಎಸ್‌ಓ ಅನ್ನೋ ಎರಡು ಕಾಲಂ ನೋಡು. ಸೊನ್ನೆಯ ಹತ್ತಿರ ಇದ್ದರೆ ಸ್ವಾಪಿನಲ್ಲಿ 2 ಜಿಬಿ ಬಿದ್ದಿದ್ದರೂ ಹಾಯಾಗಿ ಮಲಗು.” ಇಲ್ಲಿನ ಏಪ್ರಿಲ್ ಹವೆ ನಂಬಿ ಬೆಳಿಗ್ಗೆ ಹಿಮಕ್ಕೊಂದು, ಮಧ್ಯಾಹ್ನ ಬಿಸಿಲಿಗೊಂದು ಟೈರು ಬದಲಿಸುತ್ತಾ ಕೂತರೆ ಕಾರು ಓಡುವುದು ಯಾವಾಗ? ಪುಟ ಸಾಗಿಸುವುದರಲ್ಲೇ ಯಂತ್ರ ಸುಸ್ತಾಗುವ ಈ ಥ್ರ್ಯಾಶಿಂಗನ್ನು ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ 1968ರಲ್ಲೇ ಬಿಡಿಸಿ ಹೇಳಿದ್ದರು.

ಈ ಸಾಗಣೆ ಒಂದು ಕಾಲಕ್ಕೆ ಮನುಷ್ಯರ ತಲೆನೋವಾಗಿತ್ತು. ಸ್ಟಾಕ್‌ಹೋಮಿನ ಡ್ರೊಟ್ನಿಂಗ್‌ಗಾಟನ್ ಬೀದಿಯಲ್ಲಿ 1953ರಲ್ಲಿ ಎರಿಕ್ ಸ್ಟೆಮ್ಮೆಯವರ ತಂಡ ಕಟ್ಟಿದ ‘ಬೆಸ್ಕ್’ ಕೆಲವು ವಾರ ಲೋಕದಲ್ಲೇ ವೇಗದ ಕಂಪ್ಯೂಟರ್ ಅನ್ನಿಸಿಕೊಂಡಿತ್ತು. ಮರುವರ್ಷ ಹವಾಮಾನ ವಿಜ್ಞಾನಿ ರಾಸ್ಬಿಯವರ ಬಳಗ ಅದರಲ್ಲಿ ಹವಾಮಾನದ ಮುನ್ಸೂಚನೆಯನ್ನೂ ಲೆಕ್ಕಹಾಕಿತು. ಅದರ ಮೆಮೊರಿಯೋ, 40 ಬಿಟ್ಟಿನ 512 ಪದ. ಅಂದರೆ 2,560 ಬೈಟು. ಈ ಹರಟೆಯೇ ಅದರಲ್ಲಿ ಹಿಡಿಸುತ್ತಿರಲಿಲ್ಲ! ಮಿಕ್ಕದ್ದು ಕಾಂತದ ಡ್ರಮ್ಮಿಗೆ. ಯಾವುದು ಯಾವಾಗ ಡ್ರಮ್ಮಿಗೆ, ಯಾವಾಗ ವಾಪಸು ಎಂದು ಪ್ರೋಗ್ರಾಂ ಬರೆದವರೇ ತೀರ್ಮಾನಿಸಬೇಕಿತ್ತು. 1956ರಲ್ಲಿ ಫೆರೈಟ್ ಮೆಮೊರಿ ಬಂದಾಗ ಅದರ ಮಣಿಗಳಿಗೆ ತಂತಿ ಪೋಣಿಸಲು ಹೆಣಿಗೆ ಬಲ್ಲ ಗೃಹಿಣಿಯರನ್ನು ಕರೆಸಿದ್ದರಂತೆ. ಅವರ ಹೆಸರು ಯಾರೂ ಹೇಳುವುದಿಲ್ಲ, ಅದೇ ಬೇಜಾರು.

ಪುಟ ಸಾಗಿಸುವ ಕೆಲಸವನ್ನು ಯಂತ್ರವೇ ವಹಿಸಿಕೊಂಡದ್ದು 1962ರಲ್ಲಿ, ಮ್ಯಾಂಚೆಸ್ಟರಿನ ಅಟ್ಲಾಸ್‌ನಲ್ಲಿ. ಅದರ ಒಂದು ಪುಟವೂ 512 ಪದವೇ! ಇನ್ನು ಲಿನಕ್ಸ್: ಜರ್ಮನಿಯ ಯಾರದೋ 2 ಎಂಬಿ ಯಂತ್ರಕ್ಕೆ ಮೆಮೊರಿ ಸಾಲದೆ ಹೋದಾಗ, ಹೆಲ್ಸಿಂಕಿಯ ಸ್ವೀಡಿಷ್ ಮನೆಮಾತಿನ ಹುಡುಗ ಲಿನಸ್ ಟೊರ್ವಾಲ್ಡ್ಸ್ 1991ರ ಕ್ರಿಸ್‌ಮಸ್ ರಜೆಯಲ್ಲಿ ಕೂತು ಡಿಸ್ಕಿಗೆ ಪುಟ ಕಳಿಸುವ ಕೋಡು ಬರೆದ.

“ರ‍್ಯಾಮೂ ಮುಗೀತು, ಸ್ವಾಪೂ ಇಲ್ಲ ಅಂದ್ರ ಏನ್ ಮಾಡ್ತೈತ್ರಿ?”

“ಲಿನಕ್ಸಿನ ಓಓಎಂ ಕಿಲ್ಲರ್ ಏಳ್ತಾನೆ. ಸಾಮಾನ್ಯವಾಗಿ ಅತಿ ಹೆಚ್ಚು ತಿಂದವರನ್ನೇ ಹಿಡಿದು ಮುಗಿಸ್ತಾನೆ. ನಿನ್ನಲ್ಲಿ ಹೆಚ್ಚು ತಿನ್ನೋದು ಯಾವುದು?”

“ಬ್ರೌಸರ್ರಿ… ಅಯ್ಯೋ, ಅದರಾಗ ಅರ್ಧ ತುಂಬಿದ ಟ್ಯಾಕ್ಸ್ ಫಾರ್ಮ್ ಐತ್ರಿ!” ಎಂದವನೇ ಒಳಗೋಡಿದ.