ನಿರಾಕರಣ ಮೀಮಾಂಸೆ ಅಥವಾ 403 ಭಾಷ್ಯ

ಶಾಸ್ತ್ರಗ್ರಂಥ ಬರೆಯಲು ಕೂತವರು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ ಯಾವುದು, ಪ್ರಯೋಜನವೇನು, ಎರಡಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು. ನಮ್ಮ ವಿಷಯ, ಕ್ಲೌಡಿನಲ್ಲಿ ನಾವೇ ಇಟ್ಟ ಫೈಲನ್ನು ನಾವೇ ಹೋಗಿ ಕೇಳಿದಾಗ ಅದು ಕೊಡೆನೆನ್ನುವುದು. ಪ್ರಯೋಜನ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವುದು. ಎರಡಕ್ಕೂ ಸಂಬಂಧ ಇದುವರೆಗೆ ಸಿದ್ಧವಾಗಿಲ್ಲ. ಇನ್ನು ಅಧಿಕಾರಿ: ಯಾವ ಅಧಿಕಾರವೂ ಇಲ್ಲದವನು. ಅಧಿಕಾರ ಇದ್ದವನಿಗೆ ಫೈಲು ಸಿಕ್ಕಿಬಿಡುತ್ತದೆ. ಅವನು ಈ ಗ್ರಂಥದ ತಂಟೆಗೇ ಬರುವುದಿಲ್ಲ.

ಪರಂಪರೆಗಳು ಹಲವಿದ್ದರೂ ಇಲ್ಲಿ ಹಿಡಿದಿರುವುದು ಅಮೆಜಾನಿನ ಎಸ್‌3 ಸಂಪ್ರದಾಯವನ್ನು. 2006ರ ಮಾರ್ಚ್ 14ರಂದು ಪ್ರಾರಂಭವಾದ ಈ ಉಗ್ರಾಣದಲ್ಲಿ ಫೈಲುಗಳನ್ನು ಬಕೆಟ್ ಎಂಬ ಪಾತ್ರೆಗಳಲ್ಲಿ ತುಂಬಿಡುತ್ತಾರೆ. ಇಟ್ಟ ವಸ್ತು ನಾಶವಾಗದೆ ಉಳಿಯುವ ಖಾತ್ರಿಯನ್ನು ಶೇಕಡಾ 99.999999999 ಎಂದು ಬರೆದಿದ್ದಾರೆ. ಓದಿದವರು ಆ ಒಂಬತ್ತುಗಳ ಸಾಲು ಕಂಡು ಕೈಮುಗಿಯುತ್ತಾರೆ. ಆದರೆ ಅದು ವಸ್ತು ಉಳಿಯುತ್ತದೆ ಎಂಬ ಮಾತು. ನಿಮಗೆ ಅನುಮತಿ ಸಿಗುತ್ತದೆ ಎಂದು ಯಾರೂ ಎಲ್ಲೂ ಒಂದು ಒಂಬತ್ತನ್ನೂ ಬರೆದುಕೊಟ್ಟಿಲ್ಲ.

ಮೂಲಸೂತ್ರ ಹೀಗಿದೆ. ಕೇಳಿಕೆ ತಿರಸ್ಕೃತವಾದಾಗ ಪರದೆಯ ಮೇಲೆ ನಾಲ್ಕೈದು ಸಾಲಿನ ಉತ್ತರವೊಂದು ಬರುತ್ತದೆ. ಕೋಡ್ ಎಂಬ ಸಾಲಿನಲ್ಲಿ ‘ಆಕ್ಸೆಸ್‌ಡಿನೈಡ್’ ಎಂದು ಎರಡು ಪದ ಅಂಟಿಸಿ ಬರೆದಿರುತ್ತದೆ. ವಿವರಣೆಗೆಂದೇ ಮೀಸಲಾದ ಮೆಸೇಜ್ ಎಂಬ ಸಾಲಿನಲ್ಲಿ ‘ಆಕ್ಸೆಸ್ ಡಿನೈಡ್’ ಎಂದು ಅದನ್ನೇ ಬಿಡಿಸಿ ಬರೆದಿರುತ್ತದೆ. ಎರಡು ಪದಗಳ ನಡುವಿನ ಆ ಖಾಲಿ ಜಾಗವೇ ಭಾಷ್ಯ. ಅರ್ಧ ಮಾತ್ರೆ ಉಳಿಸಿದರೆ ಮಗ ಹುಟ್ಟಿದಷ್ಟು ಹಿಗ್ಗುವವರು ವೈಯಾಕರಣರು ಎಂಬ ಮಾತಿದೆ. ಅವರೂ ಈ ಸೂತ್ರಕಾರನ ಮುಂದೆ ವಾಚಾಳಿಗಳು. ಕೆಳಗೆ ರಿಕ್ವೆಸ್ಟ್ ಐಡಿ, ಹೋಸ್ಟ್ ಐಡಿ ಎಂಬ ಎರಡು ಬೀಜಾಕ್ಷರಮಾಲೆಗಳಿದ್ದು, ಇವು ಸಪೋರ್ಟಿನವರಿಗೆ ಮಾತ್ರ ಫಲ ಕೊಡುತ್ತವೆ.

ಉತ್ತರದ ಜೊತೆಗೆ ಒಂದು ಎಚ್‌ಟಿಟಿಪಿ ಸಂಖ್ಯೆಯೂ ಬರುತ್ತದೆ. ಸಂಖ್ಯಾಶಾಸ್ತ್ರದ ಪ್ರಕಾರ 401 ಎಂದರೆ ‘ನೀನು ಯಾರೋ ಗೊತ್ತಿಲ್ಲ’ ಎಂದು, 403 ಎಂದರೆ ‘ನೀನು ಯಾರೆಂದು ಗೊತ್ತು, ಆದರೂ ಕೊಡಲ್ಲ’ ಎಂದು. ಮೊದಲನೆಯದರಲ್ಲಿ ಅಪರಿಚಯದ ಸಮಾಧಾನವಾದರೂ ಇದೆ. ಎಸ್‌3 ಈ ಭೇದಕ್ಕೆ ಸೊಪ್ಪು ಹಾಕುವುದಿಲ್ಲ. ಗುರುತು ಹೇಳದೆ ಬಂದವನಿಗೂ 403, ಸಹಿ ತಪ್ಪಿದವನಿಗೂ 403, ಗಡಿಯಾರ ಹದಿನೈದು ನಿಮಿಷಕ್ಕಿಂತ ಹೆಚ್ಚು ಹಿಂದೆಮುಂದೆ ಇಟ್ಟುಕೊಂಡ ಯಂತ್ರಕ್ಕೂ 403. ಕಡೆಯ ಎರಡರಲ್ಲಿ ಕೋಡ್ ಸಾಲು ಬೇರೆ ಇರುತ್ತದೆ ನಿಜ, ಆದರೆ ಸಂಖ್ಯೆ ನೋಡಿದ ಕೂಡಲೇ ಪ್ರಾಣ ಹಾರಿದವರು ಕೋಡ್ ಸಾಲಿನವರೆಗೆ ಎಲ್ಲಿ ಇಳಿಯುತ್ತಾರೆ? ರಾಹುಕಾಲ ನೋಡುವ ಅಜ್ಜಿಯನ್ನು ಛೇಡಿಸಿ ಆಫೀಸಿಗೆ ಬಂದ ಎಂಜಿನಿಯರ್ ಸರ್ವರಿನ ಗಡಿಯಾರ ಸರಿಮಾಡುವುದನ್ನು ನೋಡಿದವರು ನೋಡಿದ್ದಾರೆ.

ಈಗ ಗ್ರಂಥದ ಹೃದಯಭಾಗವಾದ ವಿಧಿ-ನಿಷೇಧ ವಿಚಾರ. ಒಂದು ಕಡೆ ಮಾಡು ಎಂದೂ ಇನ್ನೊಂದು ಕಡೆ ಮಾಡಬೇಡ ಎಂದೂ ಶಾಸ್ತ್ರವೇ ಹೇಳಿದರೆ ಏನು ಗತಿ? ಅತಿರಾತ್ರ ಯಾಗದಲ್ಲಿ ಷೋಡಶಿ ಎಂಬ ಪಾತ್ರೆಯನ್ನು ಹಿಡಿಯಬೇಕೆಂದು ಒಂದು ವಾಕ್ಯ, ಹಿಡಿಯಬಾರದೆಂದು ಇನ್ನೊಂದು. ಎರಡೂ ಸಮಬಲ. ಜೈಮಿನಿಯ ಹಾದಿಯ ಪೂರ್ವಮೀಮಾಂಸಕರು ತಲೆ ಕೆಡಿಸಿಕೊಂಡು ಕೊನೆಗೆ ವಿಕಲ್ಪ ಎಂದು ತೀರ್ಮಾನಿಸಿದರು. ಹಿಡಿದರೂ ಸರಿ, ಬಿಟ್ಟರೂ ಸರಿ. ಉದಾರಿಗಳು. ಕ್ಲೌಡಿನ ಜೈಮಿನಿಗಳಿಗೆ ಈ ಔದಾರ್ಯವಿಲ್ಲ. ಅವರ ಸಿದ್ಧಾಂತ ಮೂರೇ ಮಾತು. ಯಾರೂ ಏನೂ ಹೇಳದಿದ್ದರೆ ಇಲ್ಲ. ಒಬ್ಬರು ಹೌದೆಂದರೆ ಹೌದು. ಹತ್ತು ಜನ ಹೌದೆಂದು ಒಬ್ಬ ಬಾಯಿಬಿಟ್ಟು ಇಲ್ಲ ಎಂದರೆ ಇಲ್ಲ. ಕೂಡುಕುಟುಂಬದಲ್ಲಿ ಅಪ್ಪ, ಅಮ್ಮ, ದೊಡ್ಡಪ್ಪ, ಚಿಕ್ಕಪ್ಪ ಎಲ್ಲರೂ ಒಪ್ಪಿದ ಸಂಬಂಧಕ್ಕೆ ಸೋದರತ್ತೆ ಮೂಗು ಮುರಿದಂತೆ.

ಈ ಅತ್ತೆ ಯಾವ ಕೋಣೆಯಲ್ಲಿ ಕೂತಿದ್ದಾಳೆ ಎಂಬುದೇ ಶೋಧನೆಯ ವಿಷಯ. ಯಾರು ಏನು ಮಾಡಬಹುದೆಂದು ಬರೆದಿಟ್ಟ ಕಟ್ಟಳೆಗೆ ಪಾಲಿಸಿ ಎಂದು ಹೆಸರು. ನಿಮಗೆ ಅಂಟಿದ ಐಎಎಂ ಪಾಲಿಸಿ ಒಂದು ಕೋಣೆ, ಬಕೆಟ್ಟಿಗೆ ಅಂಟಿದ ಪಾಲಿಸಿ ಇನ್ನೊಂದು. ಇವುಗಳ ಮೇಲೆ ಪರ್ಮಿಷನ್ ಬೌಂಡರಿ, ಸೆಷನ್ ಪಾಲಿಸಿ, ಇಡೀ ಸಂಸ್ಥೆಯ ನೆತ್ತಿಯ ಮೇಲೆ ಸರ್ವಿಸ್ ಕಂಟ್ರೋಲ್ ಪಾಲಿಸಿ ಅಥವಾ ಎಸ್‌ಸಿಪಿ. ಈ ಮೇಲಿನ ಮೂವರಿಗೆ ತಾವಾಗಿ ಕೊಡುವ ಶಕ್ತಿ ಇಲ್ಲ, ತಡೆಯುವ ಶಕ್ತಿ ಮಾತ್ರ ಉಂಟು (ಇಂಥ ಹುದ್ದೆಗಳು ಕ್ಲೌಡಿನಲ್ಲಿ ಮಾತ್ರ ಇವೆ ಎಂದು ಯಾರೂ ಭ್ರಮಿಸಬಾರದು). ಖಾಸಗಿ ಜಾಲದ ಒಳದಾರಿಯಲ್ಲಿ ಬಂದರೆ ವಿಪಿಸಿ ಎಂಡ್‌ಪಾಯಿಂಟಿಗೂ ತನ್ನದೇ ಪಾಲಿಸಿ. ಇವೆಲ್ಲ ದಾಟಿದ ಮೇಲೆ ಫೈಲು ಕೆಎಂಎಸ್ ಎಂಬ ಕೀಲಿಕೈ ಸೇವೆಯ ಕೀಯಿಂದ ಗೂಢಲಿಪಿಯಾಗಿದ್ದರೆ ಡಿಕ್ರಿಪ್ಟ್ ಅನುಮತಿಯೂ ಬೇಕು. ಅದಿಲ್ಲದಿದ್ದರೂ ಉತ್ತರ 403.

ಸಾಮಾನ್ಯವಾಗಿ ಪಾಲಿಸಿಯ ತಲೆಯ ಮೇಲೆ 2012-10-17 ಎಂಬ ತೇದಿ ಇರುತ್ತದೆ. ಹೊಸಬರು ಇದನ್ನು ಪಾಲಿಸಿ ಬರೆದ ದಿನವೆಂದು ತಿಳಿದು, ಅಚ್ಚುಕಟ್ಟಿಗೆ ಇಂದಿನ ತೇದಿ ಹಾಕಿ, ಪಾಲಿಸಿಯನ್ನೇ ಕೆಡಿಸುತ್ತಾರೆ. ಅದು ಪಾಲಿಸಿ ಭಾಷೆಯ ಆವೃತ್ತಿ. ತೇದಿಯನ್ನೇ ಬಿಟ್ಟರೆ 2008-10-17ರ ಹಳೆಯ ಆವೃತ್ತಿ ಎಂದು ಲೆಕ್ಕ. ಆಗ ಬಳಕೆದಾರನ ಹೆಸರು ತುಂಬಿಕೊಳ್ಳಲೆಂದು ಬಿಟ್ಟ ಜಾಗವನ್ನೂ ಯಂತ್ರ ಅಕ್ಷರಶಃ ಓದಿಕೊಳ್ಳುತ್ತದೆ. ಪಂಚಾಂಗ ಹಳೆಯದಾದಷ್ಟೂ ಅರ್ಥ ಕಿರಿದಾಗುವುದಕ್ಕೆ ಇದೊಂದು ದೃಷ್ಟಾಂತ.

ಪೂರ್ವಪಕ್ಷದವರು ಕೇಳುತ್ತಾರೆ: ಬಕೆಟ್ಟಿಗೆ ಅನುಮತಿ ಕೊಟ್ಟ ಮೇಲೆ ಒಳಗಿನ ಫೈಲಿಗೂ ಕೊಟ್ಟಂತಾಗಲಿಲ್ಲವೇ? ಆಗಲಿಲ್ಲ. ಘಟಕ್ಕೆ ಕೊಟ್ಟದ್ದು ಘಟದೊಳಗಿನದಕ್ಕೆ ಸಲ್ಲದು. ಏನೇನಿದೆ ಎಂದು ಪಟ್ಟಿ ನೋಡುವ ಲಿಸ್ಟ್‌ಬಕೆಟ್ ಅನುಮತಿ ಬಕೆಟ್ಟಿನ ಹೆಸರಿಗೆ. ಫೈಲು ಎತ್ತಿಕೊಳ್ಳುವ ಗೆಟ್‌ಆಬ್ಜೆಕ್ಟ್ ಅನುಮತಿ ಅದೇ ಹೆಸರಿನ ಮುಂದೆ ಸ್ಲ್ಯಾಶ್ ಸ್ಟಾರ್ ಬರೆದದ್ದಕ್ಕೆ. ಆ ಎರಡು ಚಿಹ್ನೆ ಬಿಟ್ಟುಹೋದರೆ ಪಟ್ಟಿ ಕಾಣುತ್ತದೆ, ಫೈಲು ಬರುವುದಿಲ್ಲ. ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಇದೊಂದೇ ಕಾರಣಕ್ಕೆ ಆರಿದ ಕಾಫಿಯನ್ನು ಅಳೆಯಲು ಬಕೆಟ್ಟೇ ಬೇಕು.

ಇದಕ್ಕಿಂತ ಗಹನವಾದದ್ದು ಮೊಲದ ಕೊಂಬಿನ ಪ್ರಕರಣ. ಇಲ್ಲದ ವಸ್ತುವಿಗೆ ನಮ್ಮ ತಾರ್ಕಿಕರು ಕೊಡುವ ಉದಾಹರಣೆ ಅದು. ಇಲ್ಲದ ಫೈಲನ್ನು ಕೇಳಿದರೆ ‘ಇಲ್ಲ’ ಎನ್ನಬೇಕಾದ್ದು, ಅಂದರೆ 404 ಬರಬೇಕಾದ್ದು ನ್ಯಾಯ. ಆದರೆ ಕೇಳಿದವನಿಗೆ ಪಟ್ಟಿ ನೋಡುವ ಅನುಮತಿ ಇಲ್ಲದಿದ್ದರೆ ಎಸ್‌3 ಆಗಲೂ 403 ಎನ್ನುತ್ತದೆ. ಇದೆಯೋ ಇಲ್ಲವೋ ಎಂಬ ಸುದ್ದಿಯೂ ಹೊರಗಿನವನಿಗೆ ಸಿಗಬಾರದೆಂಬ ಎಚ್ಚರ. ಪರಿಣಾಮವಾಗಿ, ಫೈಲಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪು ಹೊಡೆದವನು ಮೊಲದ ಕೊಂಬನ್ನು ಮುಟ್ಟುವ ಅನುಮತಿಗಾಗಿ ಮೂರು ಇಲಾಖೆಗೆ ಟಿಕೆಟ್ ಹಾಕಿ ಕಾಯುತ್ತಾನೆ. ಅನುಮತಿ ಸಿಕ್ಕಿದ ದಿನ ಅವನಿಗೆ 404 ಬರುತ್ತದೆ.

ಒಡೆತನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೇರೆ ಅಕೌಂಟಿನವನು ನಿಮ್ಮ ಬಕೆಟ್ಟಿಗೆ ತಂದು ಹಾಕಿದ ಫೈಲು ಅವನದೇ ಎಂಬುದು ಬಹುಕಾಲದ ರೂಢಿ. ಬಿಲ್ಲು ನಿಮಗೆ, ಓದುವ ಹಕ್ಕು ಅವನಿಗೆ. 2023ರ ಏಪ್ರಿಲ್‌ನಿಂದ ಹೊಸ ಬಕೆಟ್ಟುಗಳಲ್ಲಿ ಈ ರೂಢಿ ತಾನಾಗಿಯೇ ಬಂದ್. ಬಿಲ್ಲಿನ ಮಾತು ಬಂದದ್ದಕ್ಕೆ ಇನ್ನೊಂದು: 2024ರ ಮೇ ತಿಂಗಳವರೆಗೆ ಯಾರೋ ಅಪರಿಚಿತ ನಿಮ್ಮ ಬಕೆಟ್ಟಿನ ಬಾಗಿಲು ಬಡಿದು 403 ತಿಂದು ಹೋದರೂ, ಆ ಕೇಳಿಕೆಯ ಶುಲ್ಕ ಬಕೆಟ್ಟಿನ ಯಜಮಾನನ ತಲೆಗೆ ಬೀಳುತ್ತಿತ್ತು. ಇಲ್ಲ ಎಂದದ್ದಕ್ಕೂ ದುಡ್ಡು ಕೊಟ್ಟ ಯಜಮಾನರನ್ನು ಇತಿಹಾಸದಲ್ಲಿ ಬೇರೆಲ್ಲೂ ಕಾಣೆವು.

ಪ್ರಮಾಣ ವಿಚಾರಕ್ಕೆ ಒಂದು ಸಂವಾದವನ್ನು ಉದ್ಧರಿಸಬೇಕು. ಸ್ಥಳ, ವೈಟ್‌ಫೀಲ್ಡಿನ ಒಂದು ಆಫೀಸು ಮತ್ತು ಒಂದು ಫೋನ್ ಕಾಲ್. ಕಾಲ, ರಾತ್ರಿ.

“ಸರ್, ನನ್ ಲ್ಯಾಪ್‌ಟಾಪಲ್ಲಿ ಓಡತ್ತೆ, ಸರ್ವರಲ್ಲಿ ಮಾತ್ರ 403 ಸರ್.”

“ಯಾವ ರೋಲಲ್ಲಿ ಓಡ್ತಿದೆ ನೋಡಿದ್ಯೇನಪ್ಪ?”

“ಅಡ್ಮಿನ್ ರೋಲೇ ಸರ್.”

“ಯಾರು ಹೇಳಿದ್ದು?”

“ಇರಬೇಕು ಅಂದ್ಕೊಂಡೆ ಸರ್.”

“ಗೆಟ್ ಕಾಲರ್ ಐಡೆಂಟಿಟಿ ಹೊಡಿ.”

ಸ್ವಲ್ಪ ಹೊತ್ತು ಕೀಬೋರ್ಡಿನ ಸದ್ದು. “ಸರ್... ಇದ್ಯಾವುದೋ ಬೇರೆ ಅಕೌಂಟು ಸರ್.”

ಇಲ್ಲಿ ಪ್ರಸ್ತಾಪವಾದ ಕಮಾಂಡ್ ‘ನಾನು ಯಾರು’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅದನ್ನು ಕೇಳಲು ಯಾವ ಅನುಮತಿಯೂ ಬೇಡ. ಮೇಲಿನವರು ಸ್ಪಷ್ಟವಾಗಿ ನಿಷೇಧಿಸಿದರೂ ಅದು ಉತ್ತರ ಕೊಟ್ಟೇ ಕೊಡುತ್ತದೆ. ವೇದಾಂತಿಗಳು ಗುಡ್ಡಗವಿಗಳಲ್ಲಿ ವರ್ಷಗಟ್ಟಲೆ ಕೂತು ಕೇಳಿಕೊಂಡ ಪ್ರಶ್ನೆಯನ್ನು ಒಂದು ಸಾಲಿನಲ್ಲಿ, ಪುಕ್ಕಟೆಯಾಗಿ ಕೇಳಬಹುದಾಗಿದ್ದರೂ ನಮ್ಮ ಹುಡುಗರು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಲಾಗ್ ನೋಡೋಣವೆಂದರೆ ಫೈಲು ಎತ್ತುವ ಇಡುವ ವ್ಯವಹಾರವನ್ನು ಕ್ಲೌಡ್‌ಟ್ರೇಲ್ ಎಂಬ ದಾಖಲೆಗಾರ ತಾನಾಗಿ ಬರೆದಿಡುವುದಿಲ್ಲ, ಮೊದಲೇ ಹೇಳಿ ಚಾಲೂ ಮಾಡಿಸಿರಬೇಕು. ಒಂದೇ ಅಕೌಂಟಿನೊಳಗಿನ ಅಥವಾ ಒಂದೇ ಸಂಸ್ಥೆಯ ಅಕೌಂಟುಗಳ ನಡುವಿನ ಕೇಳಿಕೆಗಳಿಗೆ ಈಚೆಗೆ ಸೂತ್ರಕಾರ ಸ್ವಲ್ಪ ಬಾಯಿಬಿಟ್ಟಿದ್ದಾನೆ; ಯಾರಿಗೆ, ಯಾವ ಕೆಲಸಕ್ಕೆ, ಯಾವ ಜಾತಿಯ ಪಾಲಿಸಿಯಿಂದ ಅಡ್ಡಿಯಾಯಿತು ಎಂದು ಹೇಳುತ್ತಾನೆ. ಸಂಸ್ಥೆಯ ಹೊರಗಿನ ಅಕೌಂಟಿನವರಿಗೆ ಹಳೆಯ ಮೌನವೇ ಪ್ರಸಾದ.

ಕೆಲವು ಅತಿಜಾಗರೂಕರು ಬಕೆಟ್ ಪಾಲಿಸಿಯಲ್ಲಿ ಎಲ್ಲರಿಗೂ ಎಲ್ಲವೂ ನಿಷಿದ್ಧ ಎಂದು ಬರೆದು ಸೇವ್ ಒತ್ತುತ್ತಾರೆ. ಎಲ್ಲರಲ್ಲಿ ತಾವೂ ಸೇರುತ್ತೇವೆಂಬುದು ಒತ್ತಿದ ಮೇಲೆ ಹೊಳೆಯುತ್ತದೆ. ಆ ಪಾಲಿಸಿಯನ್ನು ಅಳಿಸಲು ಅಕೌಂಟಿನ ಮೂಲ ಒಡೆಯನಾದ ರೂಟ್ ಯೂಸರನ ಅಧಿಕಾರವೇ ಬೇಕು. ರೂಟ್‌ನ ಪಾಸ್‌ವರ್ಡು ಕಂಪನಿ ಬಿಟ್ಟು ಹೋದವರೊಬ್ಬರ ಇಮೇಲಿನಲ್ಲಿರುತ್ತದೆ ಎಂಬುದು ಲೋಕಾನುಭವ.

ಇಷ್ಟೆಲ್ಲ ವಿಚಾರ ಮಾಡಿದರೂ ಲೋಕದಲ್ಲಿ ಚಾಲ್ತಿಯಲ್ಲಿರುವ ಪರಿಹಾರ ಒಂದೇ, ಸ್ಟಾರ್. ಆಕ್ಷನ್ ಸ್ಟಾರ್, ರಿಸೋರ್ಸ್ ಸ್ಟಾರ್, ಸಿಟ್ಟು ನೆತ್ತಿಗೇರಿದ್ದರೆ ಪ್ರಿನ್ಸಿಪಲ್ ಕೂಡ ಸ್ಟಾರ್. ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಲಿ. “ಈಗ ಸ್ಟಾರ್ ಹಾಕು ಗುರು, ನಾಳೆ ಟೈಟ್ ಮಾಡೋಣ” ಎಂಬುದು ಈ ಪಂಥದ ಮಹಾವಾಕ್ಯ. ನಾಳೆ ಬಂದ ದಾಖಲೆ ಇಲ್ಲ. 2017ರ ಜೂನ್‌ನಲ್ಲಿ ಅಮೆರಿಕದ ಡೀಪ್ ರೂಟ್ ಅನಲಿಟಿಕ್ಸ್ ಸಂಸ್ಥೆಯ ಬಕೆಟ್ಟಿನಲ್ಲಿದ್ದ ಸುಮಾರು 19.8 ಕೋಟಿ ಮತದಾರರ ವಿವರ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿದ್ದದ್ದು ಪತ್ತೆಯಾಯಿತು. ಇಂಥವು ಒಂದರ ಹಿಂದೊಂದು ಬಂದ ಮೇಲೆ 2018ರ ನವೆಂಬರ್‌ನಲ್ಲಿ ಎಲ್ಲ ಪಾಲಿಸಿಗಳ ಮೇಲೆ ಬ್ಲಾಕ್ ಪಬ್ಲಿಕ್ ಆಕ್ಸೆಸ್ ಎಂಬ ಇನ್ನೊಂದು ಬೀಗ ಬಂತು, 2023ರ ಏಪ್ರಿಲ್‌ನಿಂದ ಹೊಸ ಬಕೆಟ್ಟುಗಳಿಗೆ ಅದು ಹುಟ್ಟಿನಿಂದಲೇ ಹಾಕಿರುತ್ತದೆ. ಈಗ ನಿಜಕ್ಕೂ ಊರಿಗೆಲ್ಲ ತೋರಿಸಬೇಕಾದ ಫೋಟೋ ಇಟ್ಟವರಿಗೂ 403 ಬರುತ್ತದೆ, ಅವರು ಆ ಬೀಗದ ನಾಲ್ಕೂ ಟಿಕ್ಕುಗಳನ್ನು ಕಣ್ಣುಮುಚ್ಚಿ ತೆಗೆಯುತ್ತಾರೆ.

ಆದ್ದರಿಂದ ಸಿದ್ಧಾಂತ ಇದು: ಕಾರಣ ಹೇಳದ ನಿರಾಕರಣೆಯಿಂದ ಒಂದು ಫೈಲೂ ಕಳುವಾಗಿಲ್ಲ, ಅದರಿಂದ ರೋಸಿಹೋದವರು ಹಾಕಿದ ಸ್ಟಾರ್‌ಗಳಿಂದ ಆಗಿದೆ. ‘ಇಲ್ಲ’ ಎನ್ನುವ ಯಂತ್ರ ‘ಇಂಥದ್ದಕ್ಕಾಗಿ ಇಲ್ಲ’ ಎಂದು ಇನ್ನೊಂದು ಸಾಲು ಮೊದಲಿನಿಂದಲೂ ಹೇಳಿದ್ದರೆ ಅರ್ಧ ಸ್ಟಾರ್‌ಗಳು ಹುಟ್ಟುತ್ತಲೇ ಇರಲಿಲ್ಲ. ಓದುಗರಲ್ಲಿ ವಿನಂತಿ: ನಾಳೆ ಟೈಟ್ ಮಾಡೋಣವೆಂದು ಬಿಟ್ಟ ಪಾಲಿಸಿ ನಿಮ್ಮ ಅಕೌಂಟಿನಲ್ಲೂ ಒಂದಾದರೂ ಇದ್ದೀತು. ದಯವಿಟ್ಟು ಇವತ್ತೇ ತೆಗೆದು ನೋಡಿ, ನೋಡಲು ನಿಮಗೆ ಅನುಮತಿ ಇದ್ದರೆ.